ಐದನೆಯ ಜ್ವರ

ರೇಷ್ಮೆಹುಳುವಿಗೆ ಆಯುಷ್ಯದಲ್ಲಿ ನಾಲ್ಕು ಸಲ ಜ್ವರ ಬರುತ್ತದೆ. ಇದು ಮೈ ಸುಡುವ ಜ್ವರವಲ್ಲ. ಹುಳು ಮೇವು ಬಿಟ್ಟು, ತಲೆ ಮೇಲೆತ್ತಿ, ಒಂದು ದಿನ ಅಲುಗಾಡದೆ ಕೂತು ಹಳೆಯ ಚರ್ಮ ಕಳಚುತ್ತದೆ. ಅದಕ್ಕೆ ಸಾಕುವವರು ಇಟ್ಟ ಹೆಸರು ಜ್ವರ. ಎದ್ದ ಮೇಲೆ ಅದಕ್ಕೆ ಎಲ್ಲಿಲ್ಲದ ಹಸಿವು. ನಾಲ್ಕನೆಯ ಜ್ವರದಿಂದ ಎದ್ದ ಹುಳು ಏಳು ದಿನ ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಆಮೇಲೆ ಹಣ್ಣಾಗುತ್ತದೆ. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ. ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಗೆ ಹಾಕಿ, ಗೂಡು ಕಟ್ಟಲು ಜಾಗ ಹುಡುಕುತ್ತ ತಟ್ಟೆಯ ತುಂಬ ಚಡಪಡಿಸುತ್ತದೆ. ಮತ್ತೆಂದೂ ಅದು ತಿನ್ನುವುದಿಲ್ಲ.

ಇಷ್ಟು ತಿಳಿದಿದ್ದರೆ ನಾನು ಮಾಡಿದ ಎಡವಟ್ಟನ್ನು ತಿಳಿಯುವುದು ಕಷ್ಟವಲ್ಲ. ನನ್ನ ಹೆಸರು ಇಂದುಮತಿ. ಶಿಂಷಾ ಹೊಳೆಯ ಬಯಲಿನ ಒಂದು ರೇಷ್ಮೆ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಹುಳುವಿನ ಕರುಳು ಸೀಳಿ ನೋಡಿದವಳು. ಊಟಕ್ಕೆ ಕೂತಾಗ ಈ ಮಾತು ಎತ್ತಬೇಡ ಎಂದು ಗಂಡ ಶಶಿಧರ ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದಾನೆ. ಕಾಲೇಜಿನಲ್ಲಿ ಜೊತೆಗೆ ಓದಿದವನು, ಅದಕ್ಕೇ ನಮ್ಮಲ್ಲಿ ಬಹುವಚನವಿಲ್ಲ, ನಾನು ಅವನ ಮಾತು ಕೇಳುವುದೂ ಇಲ್ಲ.

ಹುಳು ಸಾಕುವವರ ದೊಡ್ಡ ತಲೆನೋವು ಎಂದರೆ ಒಂದೇ ತಟ್ಟೆಯ ಹುಳುಗಳು ಒಟ್ಟಿಗೆ ಜ್ವರಕ್ಕೆ ಕೂರದಿರುವುದು. ಅರ್ಧ ಹುಳು ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿರುತ್ತವೆ, ಇನ್ನರ್ಧ ಕೂತಿರುತ್ತವೆ. ಸೊಪ್ಪು ಹಾಕಿದರೆ ಕೂತವು ಅಡಿಯಲ್ಲಿ ಹೂತುಹೋಗುತ್ತವೆ, ಹಾಕದಿದ್ದರೆ ಎದ್ದವು ಸೊರಗುತ್ತವೆ. ಇದಕ್ಕೆ ನಾನು ಒಂದು ಬ್ಯಾಕ್ಟೀರಿಯಾ ತಯಾರು ಮಾಡಿದೆ. ಅದು ಹುಳುವಿನ ಕರುಳಲ್ಲಿ ನೆಲೆಸಿ ಸಣ್ಣದೊಂದು ಅನಿಲ ಬಿಡುತ್ತದೆ. ಸುತ್ತಲಿನ ಹುಳುಗಳಲ್ಲಿರುವ ಅದರ ಬಂಧುಗಳು ಆ ಅನಿಲವನ್ನು ಹಿಡಿದು ತಾವೂ ಬಿಡುತ್ತವೆ. ಅನಿಲ ಒಂದು ಮಟ್ಟ ಮುಟ್ಟಿತೋ, ಎಲ್ಲ ಒಟ್ಟಿಗೆ ಕರುಳಿಗೆ ‘ಸಾಕು’ ಎನ್ನುವ ರಸ ಸುರಿಸುತ್ತವೆ. ಒಂದು ದಿನದ ಮೇಲೆ ರಸ ನಿಲ್ಲುತ್ತದೆ, ಲಕ್ಷ ಹುಳು ಒಂದೇ ಗಳಿಗೆಯಲ್ಲಿ ಎದ್ದು ಕೂರುತ್ತವೆ.

ನೀರಿಗೆ ಬೆರೆಸಿದರೆ ಅದು ಬೆಳ್ಳಗೆ, ಹುಳಿ ವಾಸನೆಯ ದ್ರವ. ಹೆಂಗಸರು ಅದಕ್ಕೆ ಎಲೆ ಮಜ್ಜಿಗೆ ಎಂದು ಹೆಸರಿಟ್ಟರು. ನಲವತ್ತು ಹಳ್ಳಿಗಳಲ್ಲಿ ಒಂದೇ ದಿನ ಚಾಕಿ ಕಟ್ಟಿಸಿ, ಅಂದರೆ ಮೊಟ್ಟೆಯೊಡೆದ ಮರಿಹುಳುಗಳಿಗೆ ಮೊದಲ ಸೊಪ್ಪು ಹಾಕಿಸಿ, ಎಲ್ಲ ಕಡೆ ಅದನ್ನೇ ಸಿಂಪಡಿಸಲು ಕೊಟ್ಟೆವು. ಅದಕ್ಕೂ ಮುಂಚೆ ಮಾಚನಕೊಪ್ಪಲಿನಲ್ಲಿ ತೋರಿಸಿಕೊಡುವ ಸಭೆ ಇತ್ತು. ಇದು ಕೈಗೆ ಬಾಯಿಗೆ ತಾಗಿದರೆ ಏನು ಗತಿ ಎಂದು ಒಬ್ಬಾಕೆ ಕೇಳಿದಳು. ನನಗೆ ರೇಗಿತು. ಬಾಟಲಿಯ ಮುಚ್ಚಳಕ್ಕೆ ಸುರಿದುಕೊಂಡು ಎಲ್ಲರ ಎದುರಿಗೇ ಕುಡಿದುಬಿಟ್ಟೆ. ಚಪ್ಪಾಳೆ ಬಿತ್ತು, ನಾನು ಬೀಗಿದೆ.

*

ನಾಲ್ಕನೆಯ ಜ್ವರದಿಂದ ಹುಳು ಎದ್ದ ಮಾರನೆಯ ಬೆಳಿಗ್ಗೆ ಮಾಚನಕೊಪ್ಪಲಿನಿಂದ ಹೊನ್ನಾಜಮ್ಮ ಬಂದರು. ಅರವತ್ತು ದಾಟಿದ ಹೆಂಗಸು, ನಲವತ್ತು ವರ್ಷ ಹುಳು ಸಾಕಿದವರು. ಜೊತೆಗೆ ಸೊಸೆ ಪವಿತ್ರ, ಅವಳ ತೋಳಿನಲ್ಲಿ ಎಂಟು ತಿಂಗಳ ಹೆಣ್ಣುಕೂಸು ಚಿನ್ನು. ಮಗುವಿನ ಕೈಯಲ್ಲಿ ಆಸ್ಪತ್ರೆಯ ಸೂಜಿ ಚುಚ್ಚಿದ್ದ ಕಡೆ ಹತ್ತಿ ಅಂಟಿಸಿತ್ತು. ಈ ತಿಂಗಳಲ್ಲಿ ನಾಲ್ಕು ಸಲ ಮಗು ಹಾಲು ಬಿಟ್ಟಿದೆ, ರಾಗಿ ಸರಿ ಬಿಟ್ಟಿದೆ, ಬಾಯಿಗಿಟ್ಟರೆ ವಾಂತಿ ಮಾಡಿದೆ. ಒಂದು ದಿನ ಕಳೆದರೆ ತಾನೇ ಸರಿಹೋಗುತ್ತದೆ. ಕೊನೆಯ ಎರಡು ಸಲ ಗ್ಲೂಕೋಸ್ ಹಾಕಿಸಬೇಕಾಯಿತು. ತಾಲ್ಲೂಕು ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ಮಗುವಿನಲ್ಲಿ ಯಾವ ರೋಗವೂ ಕಾಣಲಿಲ್ಲವಂತೆ.

ಮಗುವನ್ನು ನನ್ನ ಹತ್ತಿರ ಯಾಕೆ ತಂದಿರಿ, ನಾನು ಹುಳುವಿನ ಡಾಕ್ಟರು ಎಂದೆ.

“ಉಳುವಿನ ಡಾಕ್ಟ್ರೇ ಬೇಕಾಗಿರದು ಕನಮ್ಮ,” ಎಂದರು ಹೊನ್ನಾಜಮ್ಮ. “ಉಳ ಜ್ವರಕ್ಕೆ ಕುಂತಾಗ್ಲೆಲ್ಲ ಮಗಾನೂ ಕುಂತ್ಕತದೆ. ಉಳ ಎದ್ರೆ ಮಗಾನೂ ಎದ್ದೇಳ್ತದೆ.”

ನಕ್ಕುಬಿಟ್ಟೆ. ಆ ನಗು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ಪವಿತ್ರ ಆಸ್ಪತ್ರೆಯ ಚೀಟಿಗಳನ್ನು ಮೇಜಿನ ಮೇಲೆ ಹರಡಿದಳು. ತಾರೀಕುಗಳನ್ನು ನಮ್ಮ ತಟ್ಟೆಗಳ ಪಟ್ಟಿಯ ಪಕ್ಕಕ್ಕಿಟ್ಟು ನೋಡಿದೆ. ಗಂಟೆಗೆ ಗಂಟೆ ಹೊಂದುತ್ತಿತ್ತು. ನಾಲ್ಕನೆಯ ಸಲ ಅವಳು ಮಗುವನ್ನು ಎತ್ತಿಕೊಂಡು ಹೊಳೆಯಾಚೆ ಹಲಸಿನಕೆರೆಯ ತವರಿಗೆ ಹೋಗಿದ್ದಳು. ಅಲ್ಲಿ ಒಂದು ಹಿಪ್ಪುನೇರಳೆ ಗಿಡವೂ ಇಲ್ಲ, ಒಂದು ಹುಳುವೂ ಇಲ್ಲ. ಅಲ್ಲೂ ಮಗು ಅದೇ ಗಂಟೆಗೆ ಹಾಲು ಬಿಟ್ಟಿತ್ತು.

ಮಗುವಿನ ಹೊಟ್ಟೆಗೆ ಎಲೆ ಮಜ್ಜಿಗೆ ಹೇಗೆ ಹೋಯಿತು ಎಂದು ಕೇಳಿದೆ. ಪವಿತ್ರ ತನಗೆ ಗೊತ್ತಿಲ್ಲ ಎಂದಳು. ಹೊನ್ನಾಜಮ್ಮ ಸೆರಗಿನ ತುದಿ ಹಿಸುಕುತ್ತ ನೆಲ ನೋಡಿದರು.

“ಮಗೀಗೆ ಭೇದಿ ಆಗ್ತಿತ್ತು. ನೀವು ಕುಡುದ್ರಲ್ಲ, ನಾವೆಲ್ಲ ನೋಡುದ್ವಲ್ಲ. ನಿಮ್ಗೆ ಒಳ್ಳೇದಾದ್ದು ಮಗೀಗೂ ಒಳ್ಳೇದು ಅಂತ ಒಂದು ಚಮ್ಚ ಉಯ್ದೆ. ಭೇದಿ ನಿಂತೋಯ್ತು. ಆಮೇಲೆ ನಮ್ಮೂರು, ಸುತ್ತೂರು ಎಲ್ಲಾರೂ ಅವ್ರವ್ರ ಮಕ್ಳಿಗೆ ಉಯ್ದ್ರು, ಕೆಲವ್ರು ತಾವೂ ಕುಡುದ್ರು.”

ಪವಿತ್ರ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಮಗುವನ್ನು ಎದೆಗೊತ್ತಿಕೊಂಡು ಕುರ್ಚಿ ದೂರ ಎಳೆದುಕೊಂಡಳು.

*

ನಮ್ಮ ಹಿರಿಯ ತಂತ್ರಜ್ಞರು ಫಯಾಜ್ ಅಹಮದ್. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಮನುಷ್ಯ, ಮಾತು ಕಡಿಮೆ, ಕೈ ಬಲು ಶುದ್ಧ. ತಟ್ಟೆಯ ಅನಿಲ ಅಳೆಯುವ ಯಂತ್ರಕ್ಕೆ ಸಣ್ಣ ಮುಖವಾಡ ಜೋಡಿಸಿ ಮಗುವಿನ ಉಸಿರು ಹಿಡಿದರು. ಪರದೆಯ ಮೇಲೆ ಗೆರೆ ಎದ್ದಿತು. ನನ್ನ ಉಸಿರನ್ನೂ ಹಿಡಿಯಿರಿ ಎಂದೆ. ಅಷ್ಟೇ ಎತ್ತರದ ಗೆರೆ.

ಮನೆಗೆ ಫೋನ್ ಮಾಡಿ ಈ ತಿಂಗಳು ನಾನು ಯಾವ್ಯಾವ ದಿನ ಊಟ ಬಿಟ್ಟೆ ಎಂದು ಶಶಿಧರನನ್ನು ಕೇಳಿದೆ. ಅವನು ಒಂದೂ ತಡವರಿಸದೆ ನಾಲ್ಕು ದಿನ ಹೇಳಿದ, ನಾಲ್ಕೂ ಹುಳು ಜ್ವರಕ್ಕೆ ಕೂತ ದಿನಗಳೇ. ನಾನು ಕೆಲಸದ ಗಡಿಬಿಡಿ ಅಂದುಕೊಂಡಿದ್ದೆ, ಅವನು ತನ್ನ ಮೇಲಿನ ಸಿಟ್ಟು ಅಂದುಕೊಂಡಿದ್ದ.

ಫೋನ್ ಇಟ್ಟು ಲೆಕ್ಕ ಹಾಕಿದೆ. ಬ್ಯಾಕ್ಟೀರಿಯಾ ಒಂದು ಸಲ ಗಡಿಯಾರ ಕೂಡಿಸಿಕೊಂಡರೆ ಹುಳು ಹತ್ತಿರವಿಲ್ಲದಿದ್ದರೂ ಅದೇ ಲಯದಲ್ಲಿ ನಡೆಯುತ್ತದೆ. ಇನ್ನು ಆರು ದಿನದಲ್ಲಿ ಹಳ್ಳಿಯ ಹುಳು ಹಣ್ಣಾಗುತ್ತದೆ. ಹಣ್ಣಾಗುವಾಗ ಸುರಿಯುವ ರಸಕ್ಕೆ ನಾನು ನಿಲುಗಡೆ ಇಟ್ಟಿರಲಿಲ್ಲ. ಬೇಕಿರಲಿಲ್ಲ, ಹುಳು ಹೊಟ್ಟೆ ಖಾಲಿ ಮಾಡುವಾಗ ಬ್ಯಾಕ್ಟೀರಿಯಾವೂ ಹೊರಗೆ ಹೋಗುತ್ತದೆ. ಮನುಷ್ಯನ ಕರುಳು ಹಾಗೆ ಪೂರಾ ಖಾಲಿಯಾಗುವುದಿಲ್ಲ. ಆ ‘ಸಾಕು’ ಮುಗಿಯದೆ ಹೋದರೆ, ಬಾಯಿಗಿಟ್ಟದ್ದನ್ನು ಹೊರಗೆ ಹಾಕುವ ಎಂಟು ತಿಂಗಳ ಕೂಸು ಎಷ್ಟು ದಿನ ಬದುಕೀತು?

ಔಷಧಿಯಿಂದ ಕೊಲ್ಲೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ಹುಳುವಿಗೆ ಕಾಯಿಲೆ ಬಂದರೆ ರೈತರು ಸೊಪ್ಪಿನ ಮೇಲೆ ಆ್ಯಂಟಿಬಯಾಟಿಕ್ ಚೆಲ್ಲುತ್ತಾರೆ, ಅದನ್ನು ತಡೆದು ನಿಲ್ಲಲಿ ಎಂದು ನಾನೇ ಅದಕ್ಕೆ ಗಟ್ಟಿ ಮೈ ಕೊಟ್ಟಿದ್ದೆ. ಉಳಿದದ್ದು ಒಂದೇ, ಎಲೆ ಮಜ್ಜಿಗೆ ಕುಡಿಯದ ಯಾರದಾದರೂ ಹೊಟ್ಟೆಯ ಜೀವಾಣುಗಳನ್ನು ತಂದು ಮಗುವಿನ ಹೊಟ್ಟೆಯಲ್ಲಿ ಬೆಳೆಸಿ, ಜಾಗ ಸಿಗದಂತೆ ಮಾಡಿ ಇದನ್ನು ಹೊರಗೆ ತಳ್ಳುವುದು. ಬಿಚ್ಚಿ ಹೇಳಬೇಕೆಂದರೆ ಒಬ್ಬರ ಮಲವನ್ನು ತೊಳೆದು, ಸೋಸಿ, ರೋಗವಿಲ್ಲವೆಂದು ನೋಡಿ, ಮೂಗಿನ ನಳಿಕೆಯಿಂದ ಇನ್ನೊಬ್ಬರ ಹೊಟ್ಟೆಗೆ ಇಳಿಸುವುದು.

ಪ್ರಯೋಗಾಲಯದ ನಿರ್ದೇಶಕರಿಗೆ ಎಲ್ಲವನ್ನೂ ಹೇಳಿದೆ. ನಾಲ್ಕು ಸಲ ಬಂದದ್ದು ನಾಲ್ಕು ಸಲವೂ ತಾನೇ ಹೋಯಿತಲ್ಲ, ಐದನೆಯದೂ ಹೋಗುತ್ತದೆ, ಸುಮ್ಮನೆ ನಲವತ್ತು ಹಳ್ಳಿಗಳಲ್ಲಿ ಗಾಬರಿ ಎಬ್ಬಿಸಬೇಡಿ ಎಂದರು. ಮಕ್ಕಳ ಡಾಕ್ಟರೂ ಅದನ್ನೇ ಕೇಳಿದರು, ಸ್ವಲ್ಪ ಮೆತ್ತಗೆ. ಹೋಗುವುದಿಲ್ಲ ಎನ್ನಲು ನಿಮ್ಮ ಹತ್ತಿರ ಏನಿದೆ? ನನ್ನ ಹತ್ತಿರ ಕಾಗದದ ಮೇಲಿನ ಲೆಕ್ಕ ಬಿಟ್ಟು ಏನೂ ಇರಲಿಲ್ಲ.

*

ಮನೆಯಲ್ಲಿ ಒಂದು ಕಡೆ ಕೂರಲಾಗಲಿಲ್ಲ. ಅಡುಗೆಮನೆಗೂ ಜಗಲಿಗೂ ಓಡಾಡುತ್ತಲೇ ಇದ್ದೆ. ಶಶಿಧರ ಸೊಪ್ಪು ಸೋಸುತ್ತ, ನೆಲ ಸವೆಯುವ ಮೊದಲು ಅದೇನೆಂದು ಹೇಳಿಬಿಡು ಎಂದ. ಹೇಳಿದೆ.

ನಮ್ಮ ಪ್ರಯೋಗಾಲಯದಲ್ಲಿ ಹಳ್ಳಿಯ ಹುಳುಗಳಿಗಿಂತ ಮೂರು ದಿನ ಮುಂದಿರುವ ತಟ್ಟೆಗಳು ಸದಾ ಇರುತ್ತವೆ. ಮುಂದೇನಾಗುತ್ತದೆಂದು ಮೊದಲೇ ತಿಳಿಯಲಿ ಎಂದು ಮಾಡಿಕೊಂಡ ಏರ್ಪಾಡು. ಆ ಕೋಣೆಯ ಕಿಟಕಿ ಮುಚ್ಚಿ ಅಲ್ಲೇ ಕೂತರೆ ಅಷ್ಟು ಹುಳುಗಳ ಅನಿಲ ನನ್ನ ಗಡಿಯಾರವನ್ನು ಮುಂದಕ್ಕೆ ಎಳೆಯುತ್ತದೆ. ಹಳ್ಳಿಯ ಮಕ್ಕಳಿಗಿಂತ ಮೂರು ದಿನ ಮೊದಲು ನಾನು ಹಣ್ಣಾಗುತ್ತೇನೆ. ತಾನೇ ಹೋಗುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ.

“ಹೋಗದಿದ್ದರೆ?” ಎಂದ ಶಶಿಧರ.

“ನಿನ್ನ ಹೊಟ್ಟೆಯದನ್ನು ನನಗೆ ಹಾಕಿಸಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ಒಂದೇ ಒಲೆಯ ಅಡುಗೆ ಉಂಡಿದ್ದೇವೆ.”

“ಅದನ್ನು ಈಗಲೇ ಹಾಕಿಸಿಕೋ. ಸುಮ್ಮನೆ ಯಾಕೆ ಕಾಯುವುದು?”

ಈಗಲೇ ಹಾಕಿಸಿಕೊಂಡರೆ ತಾನೇ ಹೋಗುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ, ನಿರ್ದೇಶಕರು ಕೈಕಟ್ಟಿ ಕೂತೇ ಇರುತ್ತಾರೆ ಎಂದೆ. ಅವನು ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬಂದು, ನಾಳೆಗೆ ಏನು ಮಾಡಲಿ, ನಿನಗೆ ಇಷ್ಟವಾದದ್ದು ಹೇಳು ಎಂದ. ಹುರುಳಿಕಾಳಿನ ಬಸ್ಸಾರು, ಮುದ್ದೆ ಎಂದೆ. ಮುಂದಿನ ಎರಡು ದಿನ ಅದನ್ನೇ ಡಬ್ಬಿಯಲ್ಲಿ ತಂದುಕೊಟ್ಟ. ಹುಳುವಿನ ಕೋಣೆಯ ಹಬೆಯಲ್ಲಿ ಕೂತು ನಾಚಿಕೆಯಿಲ್ಲದೆ ಉಂಡೆ. ಅಷ್ಟು ರುಚಿಯಾಗಿ ಅದುವರೆಗೆ ನಾನು ಏನನ್ನೂ ಉಂಡಿರಲಿಲ್ಲ.

*

ಎರಡನೆಯ ದಿನ ಹೊನ್ನಾಜಮ್ಮ ಒಬ್ಬರೇ ಬಂದರು. ಸೊಸೆ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ ಎಂದರು. ಅವರಿಗೆ ಜೀವಾಣು ಬದಲಾಯಿಸುವ ವಿಷಯ ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿದ್ದೆ. ಅರ್ಧ ಹೇಳುವಷ್ಟರಲ್ಲಿ ಅವರೇ ಮುಗಿಸಿದರು.

“ದನ ಮೆಲ್ಕು ಆಕದು ನಿಲ್ಸುದ್ರೆ ನಮ್ಮಪ್ಪ ಇನ್ನೊಂದು ದನದ ಬಾಯಿಗೆ ಕೈ ಆಕಿ, ಅದ್ರ ಮೆಲ್ಕ ಕಿತ್ಕಂಡು ಇದ್ರ ಬಾಯಿಗೆ ತುರುಕ್ತಿದ್ದ. ಅದೇ ತಾನೆ ನೀವು ಯೋಳ್ತಿರದು? ಯಾರ್ದು ತರ್ತೀರಾ?”

ನನ್ನ ಗಂಡನದು ಎಂದೆ. ಅವರು ತಲೆ ಅಲ್ಲಾಡಿಸಿದರು. ಜಾತಿ ಕೇಳುತ್ತಾರೇನೋ ಎಂದು ನಾನು ಸಿಟ್ಟಿಗೆ ಸಿದ್ಧಳಾದೆ.

“ಒಂದೇ ಮೇವು ಮೇಯೋ ದನದ್ದೇ ಆಗ್ಬೇಕು ಕನಮ್ಮ. ಬ್ಯಾರೇದು ಇಡಿಯಾಕಿಲ್ಲ. ನಮ್ಮ ಕೂಸು ಮೊಲೆ ಆಲು, ರಾಗಿ ಸರಿ ಬುಟ್ರೆ ಏನೂ ಕಾಣದು.”

ಪುಸ್ತಕದಲ್ಲಿ ಓದಿದ್ದೆ, ಯಾವ ಆಹಾರದ ಮೇಲೆ ಬೆಳೆದ ಜೀವಾಣುವೋ ಆ ಆಹಾರ ಸಿಗದ ಕಡೆ ಅದು ನಿಲ್ಲುವುದಿಲ್ಲ. ಹೆದರಿಕೆಯಲ್ಲಿ ಅದನ್ನೇ ಮರೆತಿದ್ದೆ. ಹಾಗಾದರೆ ಬೇಕಾದದ್ದು ಎಲೆ ಮಜ್ಜಿಗೆ ಕುಡಿಯದ, ತಾಯಿ ಹಾಲು ಮತ್ತು ರಾಗಿ ಸರಿ ತಿನ್ನುವ ಇನ್ನೊಂದು ಕೂಸು. ನಲವತ್ತು ಹಳ್ಳಿಗಳಲ್ಲಿ ಅಂಥ ಕೂಸು ಇದೆಯೋ ಇಲ್ಲವೋ. ಹೊನ್ನಾಜಮ್ಮ ಬಾಗಿಲ ಹತ್ತಿರ ನಿಂತು ಯೋಚಿಸಿ, ಪವಿತ್ರಳ ಅಕ್ಕ ಬಾಣಂತನ ಮುಗಿದ ಮೇಲೂ ಹಲಸಿನಕೆರೆಯ ತವರಲ್ಲೇ ಇದ್ದಾಳೆ ಎಂದರು. ಅವಳಿಗೆ ಹತ್ತು ತಿಂಗಳ ಗಂಡು ಮಗು. ಸರಿಗೆ ಬೇಕಾದ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಇಬ್ಬರು ಹೆಣ್ಣುಮಕ್ಕಳಿಗೂ ತವರಿನ ತಾಯಿಯೇ ಕೊಡುತ್ತಾಳೆ. ಒಂದೇ ಹೊಲದ ರಾಗಿ, ಒಂದೇ ಬೀಸುಕಲ್ಲು.

ಆದರೆ ಪವಿತ್ರ ಒಪ್ಪಲಿಲ್ಲ. ಒಂದು ಸಲ ನಿಮ್ಮನ್ನು ನಂಬಿದ್ದಕ್ಕೆ ಹೀಗಾಯಿತು, ಇನ್ನೊಬ್ಬರ ಮಗುವಿನ ಹೇಲನ್ನು ನನ್ನ ಮಗುವಿನ ಹೊಟ್ಟೆಗೆ ಹಾಕಲು ಬಿಡುವುದಿಲ್ಲ, ಅದು ತಾನೇ ಹೋಗುತ್ತದೆಂದು ಡಾಕ್ಟರೂ ಹೇಳಿದ್ದಾರೆ ಎಂದು ಫೋನಿನಲ್ಲಿ ಹೇಳಿ ಇಟ್ಟುಬಿಟ್ಟಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ.

*

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ತಟ್ಟೆಗಳ ಹುಳು ಹಣ್ಣಾದವು. ಮೈ ಹಳದಿಗೆ ತಿರುಗಿ ಪಾರದರ್ಶಕವಾಯಿತು. ಒಂದೊಂದಾಗಿ ತಲೆ ಎತ್ತಿ ಗಾಳಿಯಲ್ಲಿ ಆಡಿಸತೊಡಗಿದವು. ಅಂಚಿಗೆ ಹೋದವು, ಹಿಂದಕ್ಕೆ ಬಂದವು, ಒಂದರ ಮೇಲೊಂದು ಹತ್ತಿದವು. ಫಯಾಜ್ ಅವುಗಳನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಹತ್ತೂವರೆಗೆ ನನ್ನ ಹೊಟ್ಟೆಯೊಳಗೆ ಏನೋ ಬಾಗಿಲು ಹಾಕಿಕೊಂಡಂತಾಯಿತು. ನೋವಿಲ್ಲ, ವಾಕರಿಕೆಯಿಲ್ಲ. ಆದರೆ ಕಾಲು ಒಂದೆಡೆ ನಿಲ್ಲಲೊಲ್ಲದು. ಕೋಣೆಯಿಂದ ಕೋಣೆಗೆ ನಡೆದೆ, ಮೆಟ್ಟಿಲು ಹತ್ತಿದೆ, ಇಳಿದೆ. ಏನು ಹುಡುಕುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ.

ಹನ್ನೆರಡಕ್ಕೆ ಶಶಿಧರ ಡಬ್ಬಿ ತಂದ. ಮುದ್ದೆ ಮುರಿದು ಬಾಯಿಗಿಟ್ಟೆ. ಗಂಟಲು ಅದನ್ನು ಹಿಂದಕ್ಕೆ ತಳ್ಳಿತು. ನಾಲ್ಕನೆಯ ಜ್ವರ ಮೂವತ್ತು ಗಂಟೆ ಇತ್ತು. ನಾವು ಮೂವತ್ತಾರು ಗಂಟೆ ಕಾದೆವು. ಗಂಟೆಗೊಮ್ಮೆ ಉಸಿರು ಹಿಡಿದರೆ ಗೆರೆ ಇಳಿಯುವ ಬದಲು ಏರುತ್ತಿತ್ತು. ನೀರು ಮಾತ್ರ ಗುಟುಕು ಗುಟುಕಾಗಿ ಇಳಿಯಿತು. ಆಗ ಶಶಿಧರನದನ್ನು ನಳಿಕೆಯಿಂದ ಹಾಕಿದರು. ಹಿಡಿಯಲಿಲ್ಲ. ಕರುಳಿನ ಗೋಡೆಯ ಮೇಲೆ ಅದು ಆಗಲೇ ಪದರ ಕಟ್ಟಿಕೊಂಡು ಕೂತಿದೆ, ಹೊಸಬರಿಗೆ ಕಾಲಿಡಲು ಜಾಗವಿಲ್ಲ ಎಂದು ಮಾದರಿ ನೋಡಿದ ಫಯಾಜ್ ಹೇಳಿದರು. ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

“ಮೇಡಂ, ಹಣ್ಣಾಗೋಕೆ ಮೊದಲೇ ಹಾಕಬೇಕಿತ್ತು,” ಎಂದರು.

ಅದೇ ನನಗೆ ಬೇಕಾಗಿದ್ದ ಉತ್ತರ. ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು, ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಪಟ್ಟಿಗಳನ್ನು ನಿರ್ದೇಶಕರ ಮೇಜಿನ ಮೇಲೆ ಹಾಕಿದೆ. ಅವರು ಪಟ್ಟಿಗಿಂತ ನನ್ನ ಮುಖವನ್ನೇ ಹೆಚ್ಚು ಹೊತ್ತು ನೋಡಿ ಸಹಿ ಮಾಡಿದರು. ಮಕ್ಕಳ ಡಾಕ್ಟರು ಆಸ್ಪತ್ರೆಯಲ್ಲಿ ಒಂದು ವಾರ್ಡು ಬಿಡಿಸಿದರು.

ಉಳಿದದ್ದು ಒಂದು ಹಗಲು, ಒಂದು ರಾತ್ರಿ. ಮಾಚನಕೊಪ್ಪಲಿಗೆ ನಾನೇ ಹೋದೆ. ಹಿಂದೆ ಸಭೆ ನಡೆದಿದ್ದ ಜಾಗದಲ್ಲೇ ಹೆಂಗಸರು ಸೇರಿದ್ದರು. ನಾನು ಹೆಚ್ಚು ಮಾತಾಡಲಿಲ್ಲ. ತಪ್ಪು ನನ್ನದು, ನಾನು ಕುಡಿದು ತೋರಿಸಬಾರದಿತ್ತು ಎಂದೆ. ಎರಡು ದಿನದಿಂದ ಏನೂ ಇಳಿದಿಲ್ಲ ಎಂದೆ. ಒಬ್ಬಾಕೆ ಒಳಗಿನಿಂದ ಬಾಳೆಹಣ್ಣು ತಂದು ಕೈಗೆ ಕೊಟ್ಟಳು. ಪರೀಕ್ಷೆ ಮಾಡಲೋ ಮರುಕಪಟ್ಟೋ, ಗೊತ್ತಿಲ್ಲ. ಕಚ್ಚಿದೆ. ಅವರೆಲ್ಲರ ಎದುರಿಗೆ ಅದು ಹೊರಗೆ ಬಂತು.

ಪವಿತ್ರ ಹತ್ತಿರ ಬಂದು ಸೆರಗಿನಿಂದ ನನ್ನ ಗಲ್ಲ ಒರೆಸಿದಳು. “ಅಕ್ಕಂಗೆ ಫೋನ್ ಮಾಡ್ತೀನಿ. ಮಗೀನ ಬಟ್ಟೆ ಒಗೀಬ್ಯಾಡ ಅಂತ ಯೋಳ್ಬೇಕಾ?” ಎಂದಳು.

ಒಗೆಯಬೇಡ ಎಂದು ಹೇಳು ಎಂದೆ. ಆಮೇಲೆ ನಡೆದದ್ದು ನಗುವಂಥದ್ದು, ನಗುವ ಚೈತನ್ಯ ಯಾರಿಗೂ ಇರಲಿಲ್ಲ. ಎಲೆ ಮಜ್ಜಿಗೆ ಕುಡಿದದ್ದು ಆ ಊರಲ್ಲಿ ಹನ್ನೊಂದು ಕೂಸುಗಳು, ಉಳಿದ ಹಳ್ಳಿಗಳಲ್ಲಿ ಐವತ್ತಮೂರು. ಒಂದೊಂದು ಸೊಸೆಯೂ ತನ್ನ ತವರು, ಅಕ್ಕ, ನಾದಿನಿ ಎಂದು ಹುಳುವಿಲ್ಲದ ಊರುಗಳ ಕೂಸುಗಳನ್ನು ಹುಡುಕಿದಳು. ದೊಡ್ಡವರಿಗೂ ಅವರವರ ನೆಂಟರಲ್ಲೇ ಹುಡುಕಿ ಸಾಲು ಹಚ್ಚಿದೆವು. ಬಸ್ಸಿನಲ್ಲಿ, ಬೈಕಿನಲ್ಲಿ, ಹಾಲಿನ ವ್ಯಾನಿನಲ್ಲಿ ಡಬ್ಬಿಗಳು ಬಂದವು, ಮೇಲೆ ಮಗುವಿನ ಹೆಸರು, ಏನು ತಿನ್ನುತ್ತದೆ ಎಂಬ ಚೀಟಿ. ಫಯಾಜ್ ಇಡೀ ದಿನ ಸೋಸಿದರು. ರೋಗದ ಸುಳಿವಿದ್ದದ್ದನ್ನು ಬಿಸಾಡಿ ಇನ್ನೊಂದಕ್ಕೆ ಹೇಳಿ ಕಳಿಸಿದರು. ಚಿನ್ನುವಿಗೆ ಮೊದಲು ಹಾಕಿದ್ದು. ಮಾರನೆಯ ಬೆಳಿಗ್ಗೆ ಅವಳ ಉಸಿರಿನ ಗೆರೆ ಅರ್ಧಕ್ಕೆ ಇಳಿದಿತ್ತು. ಅರ್ಧ ಸಾಕೇ ಎಂದು ಪವಿತ್ರ ಕೇಳಿದಳು. ಗೊತ್ತಿಲ್ಲ ಎಂದೆ.

*

ಹಳ್ಳಿಯ ಹುಳು ಹಣ್ಣಾಗುವ ಬೆಳಿಗ್ಗೆ ಹೊನ್ನಾಜಮ್ಮನ ಮನೆಯಲ್ಲಿದ್ದೆ. ಹುಳುವಿನ ಮನೆಯಲ್ಲಿ ತಟ್ಟೆ ತುಂಬ ತಲೆಗಳೆದ್ದಿದ್ದವು. ಅವುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕಾದವರು ಯಾರೂ ಅಲ್ಲಿರಲಿಲ್ಲ, ಎಲ್ಲರೂ ನಡುಮನೆಯಲ್ಲಿ ಮಗುವಿನ ಸುತ್ತ ಕೂತಿದ್ದರು. ಹತ್ತು ಗಂಟೆಯಾಯಿತು. ಹತ್ತೂವರೆಯಾಯಿತು. ಚಿನ್ನು ಚಾಪೆಯ ಮೇಲೆ ಮಲಗಿ ಸೂರು ನೋಡುತ್ತಿದ್ದಳು. ಹನ್ನೊಂದಕ್ಕೆ ಅವಳು ಮುಷ್ಟಿ ಬಾಯಿಗಿಟ್ಟು ಚೀಪಿದಳು. ಮುಖ ಸಿಂಡರಿಸಿದಳು. ಆಮೇಲೆ ಮನೆ ಹಾರಿಹೋಗುವಂತೆ ಅರಚಿದಳು.

ಪವಿತ್ರ ಮಗುವನ್ನು ಎತ್ತಿ ಎದೆಗೆ ಹಚ್ಚಿದಳು. ಸೊಸೆಯ ಕಾಲ ಬಳಿ ಕೂತಿದ್ದ ಹೊನ್ನಾಜಮ್ಮನ ತಲೆಯ ಮೇಲೆ ಅವಳ ಇನ್ನೊಂದು ಕೈ ಇತ್ತು. ಮಧ್ಯಾಹ್ನದೊಳಗೆ ಅರವತ್ತುನಾಲ್ಕು ಮಕ್ಕಳಲ್ಲಿ ಅರವತ್ತೊಂದು ಹಸಿದು ಅತ್ತವೆಂದು ಸುದ್ದಿ ಬಂತು. ಉಳಿದ ಮೂರು ಮಕ್ಕಳು ಆಸ್ಪತ್ರೆಯಲ್ಲಿ ಹತ್ತು ದಿನ ನಳಿಕೆಯ ಮೇಲಿದ್ದು ಅತ್ತವು. ದೊಡ್ಡವರಲ್ಲಿ ಹಣ್ಣಾದವಳು ನಾನೊಬ್ಬಳೇ.

ಅವತ್ತು ಹೊನ್ನಾಜಮ್ಮ ನನ್ನನ್ನು ಊಟಕ್ಕೆ ಕರೆಯಲಿಲ್ಲ. ಸರಿಯ ಬಟ್ಟಲು ಹಿಡಿದ ಪವಿತ್ರಳ ಎದುರಿಗೆ ಚಾಪೆ ಹಾಕಿ ಕೂರಿಸಿ, ತೆಳ್ಳಗೆ ಮಾಡಿದ ಅದೇ ರಾಗಿ ಸರಿಯನ್ನು ಇನ್ನೊಂದು ಬಟ್ಟಲಲ್ಲಿ ಕೊಟ್ಟರು. “ಕೂಸು ಬಾಯಿ ಬುಟ್ಟಾಗ ನೀವೂ ಬುಡಿ. ಬ್ಯಾರೆ ಏನೂ ಯೋಚ್ನೆ ಮಾಡ್ಬ್ಯಾಡಿ,” ಎಂದರು.

ಚಿನ್ನು ಬಾಯಿ ಬಿಟ್ಟಳು, ನಾನೂ ಬಿಟ್ಟೆ. ಅವಳು ನುಂಗಿದಳು. ನನ್ನ ಗಂಟಲು ಒಂದು ಗಳಿಗೆ ತಡೆದು, ನುಂಗಿತು. ಮೂರು ದಿನದಲ್ಲಿ ಮೊದಲ ಸಲ. ಆರು ಚಮಚ ಇಳಿಯಿತು, ಏಳನೆಯದು ಹೊರಗೆ ಬಂತು. ಅಷ್ಟಕ್ಕೇ ನನ್ನ ಜೊತೆ ಬಂದಿದ್ದ ಶಶಿಧರ ಬಾಗಿಲಲ್ಲಿ ನಿಂತು ಅತ್ತ.

ಎರಡು ವರ್ಷವಾಯಿತು. ಈಗ ಎಲ್ಲವೂ ಇಳಿಯುತ್ತದೆ, ಎದುರಿಗೆ ಯಾರಾದರೂ ಉಣ್ಣುತ್ತಿರಬೇಕು ಅಷ್ಟೇ. ಹಸಿವು ಮಾತ್ರ ಬಂದಿಲ್ಲ. ಶಶಿಧರ ದಿನಾ ತಟ್ಟೆ ಹಾಕಿಕೊಂಡು ಎದುರಿಗೆ ಕೂತು, ಹಸಿವಾಯಿತಾ ಎಂದು ಕೇಳುತ್ತಾನೆ. ಮೊದಮೊದಲು ಅವನ ಸಮಾಧಾನಕ್ಕೆ ಆಯಿತು ಎನ್ನುತ್ತಿದ್ದೆ. ಈಗ ಇಲ್ಲ ಎನ್ನುತ್ತೇನೆ. ಅವನು ಸರಿ ಎಂದು ತುತ್ತು ಎತ್ತುತ್ತಾನೆ, ಅವನ ಕೈ ನೋಡಿಕೊಂಡು ನಾನೂ ಎತ್ತುತ್ತೇನೆ.